ಬಾಸ್ಟನ್ ನಗರದ ಸ್ತ್ರೀಯರ ಸಂಭಾಷಣಗೋಷ್ಠಿ

ಹೆಂಗಸರು ನಾಲ್ವರು ಒಂದೆಡೆ ಕುಳಿತು ಮಾತನಾಡಿದರೆ ಅದಕ್ಕೆ ಹರಟೆಯೆಂದು ಹೆಸರು. ಗಂಡಸರು ನಾಲ್ವರು ಕುಳಿತು ಅದೇ ಮಾತನ್ನಾಡಿದರೆ ಅದು ಗೋಷ್ಠಿಯೆನಿಸಿಕೊಳ್ಳುತ್ತದೆ. ಈ ಪಕ್ಷಪಾತವು ನಮ್ಮ ದೇಶವೊಂದಕ್ಕೇ ಸೇರಿದುದೆಂದು ತಿಳಿಯಬೇಕಾದುದಿಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ವಿದ್ಯೆಯ ತವರೆಂದು ಹೆಸರಾಂತ ಬಾಸ್ಟನ್ ನಗರದಲ್ಲಿಯೂ ಅದು ಆಳವಾಗಿ ಬೇರೂರಿದ್ದಿತು. ಅಂತಹ ನಗರದಲ್ಲಿ 1839ನೆಯ ಇಸವಿ ನವೆಂಬರ್ ತಿಂಗಳ 6ನೆಯ ದಿನ, ಬುಧವಾರ ಬೆಳಗ್ಗೆ 11 ಗಂಟೆಗೆ, ಸುಮಾರು 25 ಮಂದಿ ಸ್ತ್ರೀಯರು ಪೀಬಡಿ ಮನೆತನದವರ ಕೊಠಡಿಯೊಂದರಲ್ಲಿ ಬಂದು ಸೇರಿದರು. ಬಂದವರೆಲ್ಲರೂ ಮುಂಗಡವಾಗಿ ಹಣ ತೆತ್ತು ಚೀಟಿ ಪಡೆದಿದ್ದರು. ಅವರೇನೂ ನಾಟಕ ನೋಡಲಿಕ್ಕಾಗಲಿ, ಗಾನ ಕೇಳಲಿಕ್ಕಾಗಲಿ ಬಂದವರಲ್ಲ. ತಾವು ತಾವೇ ಕುಳಿತು ಗ್ರೀಕರ ದೇವತೆಗಳ ಕಥೆಗಳನ್ನು ಕುರಿತು ಮಾತನಾಡಲಿಕ್ಕೆ ಬಂದವರು. ಕರೆದವಳು ಮಾರ್ಗರೆಟ್ ಫುಲ್ಲರ್ ಎಂಬ, ಆಗ 29 ವರ್ಷದ, ಅವಿವಾಹಿತೆಯಾದ ಒಬ್ಬ ಹೆಣ್ಣುಮಗಳು.

ಹಣ ಕೊಟ್ಟು ಮಾತನಾಡಲಿಕ್ಕೆ ಹೋಗುವುದೆಂದರೆ ವಿಚಿತ್ರವಾಗಿ ತೋರಬಹುದು. ಆದರೆ ಆ ನಗರದಲ್ಲಿ ಹೆಂಗಸರು ಕೂಡಿ ಮಾತನಾಡಿದುದಕ್ಕೆ ಅದಕ್ಕಿಂತ ದೊಡ್ಡ ಬೆಲೆಯನ್ನು ತೆತ್ತ ಒಂದು ಹಳೆಯ ಕಥೆಯುಂಟು. 1634ರಲ್ಲಿ ಇಂಗ್ಲೆಂಡಿನಿಂದ ಬಾಸ್ಟನ್ನಿಗೆ ಬಂದು ನೆಲೆಸಿದ ಆನ್ ಹಚಿನ್‌ಸನ್ ಎಂಬ ಗೃಹಿಣಿಯು ವಾರಕ್ಕೊಮ್ಮೆ ನೆರೆಹೊರೆಯ ಹೆಂಗಸರನ್ನು ತನ್ನ ಮನೆಗೆ ಕರೆದು, ಆ ವಾರ ಪಾದ್ರಿಗಳು ಮಾಡಿದ ಉಪದೇಶದ ಅರ್ಥವನ್ನು ವಿಚಾರಮಾಡುತ್ತಿದ್ದಳು. ಮೊದಮೊದಲು ಅರ್ಥವಿವರಣೆ, ಕ್ರಮೇಣ ಆ ಉಪದೇಶದಲ್ಲಿ ಸರಿಯೆಷ್ಟು, ತಪ್ಪೆಷ್ಟು ಎಂಬ ವಿಮರ್ಶೆ. ಬರುವವರ ಸಂಖ್ಯೆ 60ಕ್ಕೂ ಮೇಲೆ ಹೋಯಿತು, ಗಂಡಸರೂ ಬರತೊಡಗಿದರು. ಅಧಿಕಾರಿಗಳಿಗೆ ಇದು ಸಹಿಸಲಿಲ್ಲ. 1637ರಲ್ಲಿ ಪಾದ್ರಿಗಳ ಸಭೆಯು ಇಂತಹ ಕೂಟಗಳನ್ನು ಖಂಡಿಸಿತು. ಅದೇ ವರ್ಷ ನವೆಂಬರಿನಲ್ಲಿ ಗವರ್ನರ್ ವಿಂತ್ರಾಪನ ಮುಂದೆ ವಿಚಾರಣೆ ನಡೆದು ಆಕೆಗೆ ಗಡೀಪಾರಿನ ಶಿಕ್ಷೆಯಾಯಿತು. ಆಕೆಯ ಮನೆಯಿದ್ದ ನಿವೇಶನದಲ್ಲಿ ಮುಂದೆ 1718ರ ಸುಮಾರಿಗೆ ಬೇರೊಂದು ಕಟ್ಟಡವೆದ್ದಿತು. 19ನೆಯ ಶತಮಾನದಲ್ಲಿ ಅದು ಪುಸ್ತಕದ ಅಂಗಡಿಯಾಗಿ, ದೇಶದ ಹೆಸರಾಂತ ಗ್ರಂಥಕರ್ತರೆಲ್ಲ ಬಂದುಹೋಗುವ ಸ್ಥಳವಾಯಿತು. ಯಾವ ನೆಲದಲ್ಲಿ ಮಾತನಾಡಿದುದು ಅಪರಾಧವಾಯಿತೋ ಆ ನೆಲದಲ್ಲಿಯೇ ಪುಸ್ತಕಗಳು ಮಾರಾಟವಾದುವು. ಇತಿಹಾಸಕ್ಕೂ ಕೆಲವು ವೇಳೆ ಹಾಸ್ಯಪ್ರವೃತ್ತಿಯುಂಟೆಂದು ಕಾಣುತ್ತದೆ.

ಮಾರ್ಗರೆಟ್ ಫುಲ್ಲರಳ ಕಾಲಕ್ಕೆ ಗಡೀಪಾರಿನ ಭಯವೇನೂ ಉಳಿದಿರಲಿಲ್ಲ. ಆದರೆ ಸಂಕೋಚದ ಗೋಡೆ ಹಾಗೆಯೇ ನಿಂತಿದ್ದಿತು. 1837ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಪಾದ್ರಿಗಳು ಒಂದು ಬಹಿರಂಗಪತ್ರವನ್ನು ಹೊರಡಿಸಿ, ಹೆಂಗಸರು ಸಭೆಗಳಲ್ಲಿ ಭಾಷಣಮಾಡುವುದು ಅವರ ಶೀಲಕ್ಕೆ ಕುಂದೆಂದು ಎಚ್ಚರಿಸಿದ್ದರು. ಗುಲಾಮಗಿರಿಯ ವಿರುದ್ಧ ಊರೂರು ತಿರುಗಿ ಭಾಷಣಮಾಡುತ್ತಿದ್ದ ಗ್ರಿಮ್‌ಕೆ ಸೋದರಿಯರೇ ಅವರ ಗುರಿ. ಇನ್ನು ವಿದ್ಯಾಭ್ಯಾಸದ ಮಾತು: ಬಾಸ್ಟನ್ನಿನ ನೆರೆಯಲ್ಲಿಯೇ ಇದ್ದ ಹಾರ್ವರ್ಡ್ ವಿದ್ಯಾಶಾಲೆ 1636ರಲ್ಲಿ ಸ್ಥಾಪಿತವಾದುದು, ಇನ್ನೂರು ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳೂ ಅಲ್ಲಿ ವಿದ್ಯಾರ್ಥಿನಿಯಾಗಿ ಕುಳಿತವಳಲ್ಲ. ದೂರದ ಒಹಾಯೋ ಪ್ರಾಂತದ ಓಬರ್ಲಿನ್ ಕಾಲೇಜು 1837ರಲ್ಲಿ ಹೆಣ್ಣುಮಕ್ಕಳನ್ನು ಪದವಿಯ ತರಗತಿಗಳಿಗೆ ಸೇರಿಸಿಕೊಂಡುದೇ ದೊಡ್ಡ ಸುದ್ದಿಯಾಗಿದ್ದಿತು. ಬಾಸ್ಟನ್ನಿನ ಅನುಕೂಲಸ್ಥ ಮನೆತನಗಳ ಹುಡುಗಿಯರು ಫ್ರೆಂಚು, ಇಟಾಲಿಯನ್, ಸಂಗೀತ, ಚಿತ್ರಲೇಖನ ಇವುಗಳನ್ನು ಕಲಿಯುತ್ತಿದ್ದರು, ಪುಸ್ತಕಗಳನ್ನೂ ಓದುತ್ತಿದ್ದರು. ಓದಿದುದರಿಂದ ಮುಂದೇನು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿರಲಿಲ್ಲ.

ಈ ಪ್ರಶ್ನೆಯನ್ನು ಮಾರ್ಗರೆಟ್ ಬೇರೆಯವರಿಗಾಗಿ ಕೇಳಿದವಳಲ್ಲ, ತನಗಾಗಿಯೇ ಕೇಳಿಕೊಂಡವಳು. ಆಕೆಯ ತಂದೆ ಟಿಮೊಥಿ ಫುಲ್ಲರ್ ವಕೀಲ. ಸಂಯುಕ್ತ ಸಂಸ್ಥಾನಗಳ ಕಾಂಗ್ರೆಸ್ಸಿನ ಸದಸ್ಯನೂ ಆಗಿದ್ದವನು. ಮೊದಲನೆಯ ಮಗುವು ಹೆಣ್ಣಾದರೇನಾಯಿತೆಂದು, ಗಂಡುಮಗನಿಗೆ ಕಲಿಸುವುದನ್ನೆಲ್ಲ ಆತನು ಮಗಳಿಗೆ ಕಲಿಸಿದನು. ಆರನೆಯ ವಯಸ್ಸಿಗೆ ಲ್ಯಾಟಿನ್ ಆರಂಭವಾಯಿತು. ತಂದೆಯು ಕಚೇರಿಯಿಂದ ಬಂದಮೇಲೆ ರಾತ್ರಿ ಬಹು ಹೊತ್ತಿನವರೆಗೆ ಪಾಠ ಒಪ್ಪಿಸಬೇಕಾಗಿದ್ದಿತು. ಅದರಿಂದ ನಿದ್ರೆಗೆಟ್ಟು, ಕೆಟ್ಟ ಕನಸುಗಳಿಂದ ಬೆಚ್ಚಿಬಿದ್ದು, ಜೀವಮಾನವೆಲ್ಲ ತಲೆನೋವಿನಿಂದ ನರಳಿದೆನೆಂದು ಆಕೆಯೇ ಮುಂದೆ ಬರೆದಿದ್ದಾಳೆ. ವಿದ್ಯೆಯನ್ನು ಕೊಟ್ಟುದಕ್ಕಾಗಿ ತಂದೆಯನ್ನು ಕೊಂಡಾಡಬೇಕೋ, ಕೊಟ್ಟ ರೀತಿಗಾಗಿ ದೂರಬೇಕೋ ಎಂಬುದು ಆಕೆಗೇ ಕೊನೆಯವರೆಗೂ ಇತ್ಯರ್ಥವಾದಂತೆ ತೋರುವುದಿಲ್ಲ. 1835ರ ಅಕ್ಟೋಬರಿನಲ್ಲಿ ತಂದೆ ಕಾಲರಾ ರೋಗದಿಂದ ಇದ್ದಕ್ಕಿದ್ದಂತೆ ತೀರಿಕೊಂಡನು. ಯುರೋಪು ಖಂಡಕ್ಕೆ ಹೋಗಿಬರಬೇಕೆಂಬ ಮಗಳ ಆಸೆ ಅಲ್ಲಿಗೆ ಮುರಿಯಿತು. ತಾಯಿ, ತಮ್ಮಂದಿರು, ತಂಗಿ ಇವರ ಭಾರ ಆಕೆಯ ಹೆಗಲಿಗೆ ಬಿದ್ದಿತು. ಬಾಸ್ಟನ್ನಿನಲ್ಲಿ ಆಲ್ಕಾಟ್ ಎಂಬಾತನ ಪಾಠಶಾಲೆಯಲ್ಲಿ, ಅನಂತರ ಪ್ರಾವಿಡೆನ್ಸ್ ಎಂಬ ಊರಿನಲ್ಲಿ ಉಪಾಧ್ಯಾಯಿನಿಯಾಗಿ ಕೆಲಸಮಾಡಿದಳು. ಗಯಟೆ ಕವಿಯ ಜರ್ಮನ್ ಗ್ರಂಥಗಳನ್ನು ಮೂಲದಲ್ಲಿ ಓದಿ ಅರಗಿಸಿಕೊಂಡಿದ್ದ ಈ ಪಂಡಿತೆಗೆ ಇದ್ದ ಜೀವನೋಪಾಯ ಅದೊಂದೇ. ಆದುದರಿಂದ 1839ರ ಗೋಷ್ಠಿಯನ್ನು ಹೇಳುವಾಗ, ಅದು ಜ್ಞಾನಪ್ರಸಾರವೆಷ್ಟೋ ಅಷ್ಟೇ ಆಕೆಯ ಮನೆಯ ಅನ್ನದ ಪ್ರಶ್ನೆಯೂ ಆಗಿದ್ದಿತೆಂಬುದನ್ನು ಮರೆಯಲಾಗದು. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಗೋಷ್ಠಿಯ ಉದ್ದೇಶವನ್ನು ಆಕೆ ಆ ವರ್ಷದ ಆಗಸ್ಟ್ ತಿಂಗಳಲ್ಲಿ ತನ್ನ ಗೆಳತಿ ಸೋಫಿಯಾ ರಿಪ್ಲಿಗೆ ಬರೆದ ಪತ್ರದಲ್ಲಿ ವಿವರಿಸಿದ್ದಾಳೆ. ಅದರ ಸಾರಾಂಶವಿಷ್ಟು. ಗಂಡಸರು ಕಲಿತುದೆಲ್ಲವನ್ನೂ ಹೊರಗೆ ತೋರಿಸಬೇಕಾದ ಸಂದರ್ಭಗಳು ಬರುತ್ತವೆ: ಪರೀಕ್ಷೆಯಲ್ಲಿ, ನ್ಯಾಯಾಲಯದಲ್ಲಿ, ರಾಜ್ಯಕಾರ್ಯದಲ್ಲಿ, ಕಡೆಗೆ ವ್ಯಾಪಾರದಲ್ಲಿಯಾದರೂ. ಹಾಗೆ ತೋರಿಸಹೊರಟಾಗ ತಾವು ತಿಳಿದುದೆಷ್ಟು, ತಿಳಿಯದೆ ಉಳಿದುದೆಷ್ಟು ಎಂಬುದು ಅವರಿಗೇ ಬೆಳಕಾಗುತ್ತದೆ. ಹೆಂಗಸರಿಗೆ ಆ ಸಂದರ್ಭವೇ ಇಲ್ಲ. ಅವರು ಓದಿದುದು ಒಳಗೇ ಉಳಿದು ಮಸುಕಾಗಿ, ಬಹುಮಟ್ಟಿಗೆ ಅಲಂಕಾರಕ್ಕೆ ಮಾತ್ರ ಉಪಯೋಗವಾಗುತ್ತದೆ. ಆದುದರಿಂದ ತಿಳಿದುದನ್ನು ಬಾಯಿಬಿಟ್ಟು ಹೇಳಿ, ಪ್ರಶ್ನೆಗೆ ಒಡ್ಡಿ, ಸ್ಪಷ್ಟಪಡಿಸಿಕೊಳ್ಳುವ ಒಂದು ಸ್ಥಳ ಬೇಕು. ನಾವು ಯಾವುದಕ್ಕಾಗಿ ಹುಟ್ಟಿದವರು, ಅದನ್ನು ನೆರವೇರಿಸುವ ಬಗೆಯೆಂತು, ಎಂಬೀ ಎರಡು ಪ್ರಶ್ನೆಗಳನ್ನು ಎಷ್ಟೋ ಮಂದಿ ಹೆಂಗಸರು ತಮ್ಮ ಒಳ್ಳೆಯ ವರ್ಷಗಳೆಲ್ಲ ಕಳೆದುಹೋಗುವವರೆಗೂ ಕೇಳಿಕೊಳ್ಳುವುದೇ ಇಲ್ಲ. ಅವುಗಳಿಗೆ ಉತ್ತರ ಹುಡುಕುವುದರಲ್ಲಿ ನೆರವಾಗುವುದೇ ಈ ಕೂಟದ ಉದ್ದೇಶ.

ಈ ವಿಚಾರಸರಣಿಯಲ್ಲಿ ಗಮನಿಸತಕ್ಕುದೊಂದುಂಟು. ಹೆಂಗಸರಿಗೆ ಬುದ್ಧಿ ಸಾಲದೆಂದು ಹೇಳುವವರಿಗೆ ಆಕೆ ಉತ್ತರ ಕೊಡಲಿಕ್ಕೆ ಹೊರಡಲಿಲ್ಲ. ಹೆಂಗಸರ ಓದು ಸಾಲದೆಂದೂ ಹೇಳಲಿಲ್ಲ. ಓದಿದುದಕ್ಕೆ ಹೊಣೆಗಾರರಾಗುವ ಅಭ್ಯಾಸವಿಲ್ಲವೆಂದು ಹೇಳಿದಳು. ರೋಗವನ್ನು ಇಷ್ಟು ಸರಿಯಾಗಿ ಗುರುತಿಸಿದವರು ಆ ಕಾಲದಲ್ಲಿ ವಿರಳ. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಶ್ರಮಿಸಿದ ಎಷ್ಟೋ ಮಂದಿ ಮಹನೀಯರು, ಆಕೆಯ ಕಾಲದಲ್ಲಿಯೂ ಅನಂತರವೂ, ಇನ್ನಷ್ಟು ಪುಸ್ತಕಗಳನ್ನು ಓದಿಸಿದರೆ ಸಾಕೆಂದು ಭಾವಿಸಿದ್ದರು.

ಮೊದಲನೆಯ ದಿನ ಮಾರ್ಗರೆಟ್ ಒಂದು ಮಾತನ್ನು ಖಂಡಿತವಾಗಿ ತಿಳಿಸಿದಳು. ತಾನು ಉಪನ್ಯಾಸಮಾಡುವವಳಲ್ಲ, ವಿಷಯವನ್ನು ಎತ್ತಿಕೊಟ್ಟು ಪ್ರಶ್ನೆ ಕೇಳುವವಳು, ಬಂದವರು ತಪ್ಪಾದರೂ ಚಿಂತೆಯಿಲ್ಲ, ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳಬೇಕು. ಆ ದಿನ ಹತ್ತು ಮಂದಿ ಬಾಯಿಬಿಟ್ಟರು. ಮುಂದಿನ ವಾರಗಳಲ್ಲಿ ಆ ಸಂಖ್ಯೆ ಏರಿತು. ಅದೇ ತಿಂಗಳ ಕೊನೆಯಲ್ಲಿ ಎಮರ್ಸನ್ನನಿಗೆ ಬರೆದ ಕಾಗದದಲ್ಲಿ ಆಕೆ, ಇಲ್ಲಿ ಗೆಲ್ಲುತ್ತಿರುವುದು ಸಿದ್ಧಾಭಿಪ್ರಾಯಗಳಲ್ಲ, ಆಲೋಚನೆಗಳು, ಎಂದು ಸಂತೋಷದಿಂದ ತಿಳಿಸಿದ್ದಾಳೆ. ಪ್ರಸಿದ್ಧ ಇತಿಹಾಸಕಾರನಾದ ಬ್ಯಾಂಕ್ರಾಫ್ಟನ ಪತ್ನಿಯು ಮಾತನಾಡಿದ ಬಗೆಯನ್ನು ಕಂಡು, ಕಣ್ಣಿಗೆ ಕವಿದಿದ್ದ ಪೊರೆಗಳು ಒಂದೊಂದಾಗಿ ಕಳಚಿದಂತಾಯಿತೆಂದು ಬೆರಗುಪಟ್ಟಿದ್ದಾಳೆ. ಅದುವರೆಗೆ ಆ ಮಹಿಳೆಯ ಸಂಗಡ ಎಷ್ಟು ಮಂದಿ ಕುಳಿತು ಚಹಾ ಕುಡಿದಿದ್ದರೋ! ಅವಳೊಳಗೆ ಇಷ್ಟುಂಟೆಂದು ಯಾರಿಗೂ ತಿಳಿದಿರಲಿಲ್ಲ.

ವಿಷಯಕ್ಕೆ ಗ್ರೀಕ್ ಪುರಾಣವನ್ನೇ ಆರಿಸಿದುದರಲ್ಲಿ ಜಾಣತನವುಂಟು. ಮತವಿಚಾರವನ್ನೋ ರಾಜಕೀಯವನ್ನೋ ಎತ್ತಿದ್ದರೆ ಬಂದವರು ತಂತಮ್ಮ ಪತಿಗಳ ಮತ್ತು ಪಾದ್ರಿಗಳ ಅಭಿಪ್ರಾಯಗಳನ್ನು ಒಪ್ಪಿಸಿ ಹೋಗುತ್ತಿದ್ದರು. ಜೂಪಿಟರ್, ಅಪೋಲೊ, ವೀನಸ್, ಮಿನರ್ವ ಇವರ ವಿಷಯದಲ್ಲಿ ಯಾರ ಅಪ್ಪಣೆಯೂ ಇರಲಿಲ್ಲ. ಒಂದೊಂದು ದೇವತೆಯನ್ನು ಮನುಷ್ಯಸ್ವಭಾವದ ಒಂದೊಂದು ಶಕ್ತಿಯ ಮೂರ್ತಿಯೆಂದು ಭಾವಿಸಿ—ಜೂಪಿಟರನು ಸಂಕಲ್ಪಶಕ್ತಿ, ಅಪೋಲೊ ಪ್ರತಿಭೆ, ಮಿನರ್ವ ವಿವೇಕ, ಹೀಗೆ—ಆ ಶಕ್ತಿಯು ತಮ್ಮಲ್ಲಿ ಹೇಗಿದೆಯೆಂದು ವಿಚಾರಿಸಿಕೊಳ್ಳಲು ಮಾರ್ಗರೆಟ್ ದಾರಿಮಾಡಿಕೊಟ್ಟಳು. ಒಬ್ಬ ಹಿರಿಯ ಮಹಿಳೆ, ಕ್ರೈಸ್ತರಾದ ನಾವು ವಿಗ್ರಹಾರಾಧಕರ ದೇವತೆಗಳನ್ನು ಹೀಗೆ ಮೆಚ್ಚುವುದುಂಟೆ, ಎಂದು ಗಾಬರಿಯಿಂದ ಕೇಳಿದಳಂತೆ. ಹಿಂದಕ್ಕೆ ಹೋಗಬೇಕೆಂಬ ಆಸೆ ತನಗಿಲ್ಲ. ಆದರೆ ಗ್ರೀಕರದು ಹಣ್ಣಾದ ನಾಗರಿಕತೆ, ನಮ್ಮದು ಇನ್ನೂ ಶೈಶವದಲ್ಲಿರತಕ್ಕದ್ದು, ಎಂಬ ಅರ್ಥ ಬರುವಂತೆ ಮಾರ್ಗರೆಟ್ ಉತ್ತರಕೊಟ್ಟಳು. ಕೆಲವು ವೇಳೆ ಬಂದವರು ಸೌಂದರ್ಯವೆಂದರೇನು, ಜೀವನವೆಂದರೇನು ಎಂಬಂತಹ ವಿಷಯಗಳ ಮೇಲೆ ಚಿಕ್ಕ ಬರಹಗಳನ್ನು ಬರೆದುತರಬೇಕಾಗಿದ್ದಿತು. ಅವುಗಳನ್ನು ಓದಿ, ಬರೆದವರ ಹೆಸರನ್ನೆತ್ತದೆ ಚರ್ಚೆಮಾಡುತ್ತಿದ್ದರು.

ಇನ್ನೊಂದು ದಿನದ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಗಂಡಸರ ಬುದ್ಧಿಗೂ ಹೆಂಗಸರ ಬುದ್ಧಿಗೂ ಭೇದವೇನೆಂಬ ಮಾತು ಬಂದಿತು. ಎಲೆನ್ ಹೂಪರ್ ಎಂಬ ಕವಯಿತ್ರಿ, ಗಂಡಿನ ಮನಸ್ಸಿನಲ್ಲಿದ್ದು ಹೆಣ್ಣಿನ ಮನಸ್ಸಿನಲ್ಲಿಲ್ಲದ ಗುಣ ಯಾವುದಾದರೂ ಉಂಟೆ, ಎಂದು ನೇರವಾಗಿ ಕೇಳಿದಳು. ಇಲ್ಲವೆಂದಳು ಮಾರ್ಗರೆಟ್, ಭೇದವಿದ್ದರೆ ಪ್ರಮಾಣದಲ್ಲಿ ಮಾತ್ರ. ಅಷ್ಟಕ್ಕೇ ಬಿಡದೆ, ಇದನ್ನು ಎಲ್ಲರೂ ಒಪ್ಪುವಿರೋ ಎಂದು ಸುತ್ತಲೂ ವಿಚಾರಿಸಿದಳು. ಏಕೆಂದರೆ, ಎಲ್ಲರೂ ಒಪ್ಪಿದ ಮೇಲೆ, ಇಂತಿಂತಹ ಶಕ್ತಿ ಹೆಂಗಸಿಗೆ ತಕ್ಕುದಲ್ಲ, ಅದನ್ನು ಅಡಗಿಸಿಕೊಂಡಿರಬೇಕು ಎಂಬ ಮಾತನ್ನು ಇನ್ನು ಯಾರೂ ಆಡುವಂತಿಲ್ಲ. ವಕೀಲನ ಮಗಳು! ಎದುರಾಳಿಯಿಂದ ಮೊದಲು ಸೂತ್ರವನ್ನು ಒಪ್ಪಿಸಿಕೊಂಡು, ಅದರಿಂದ ಫಲಿಸುವುದನ್ನು ಅನಂತರ ಮುಂದಿಡುವ ವಿದ್ಯೆಯನ್ನು ಆಕೆ ಎಲ್ಲಿಂದ ಕಲಿತಳೆಂಬುದನ್ನು ಊಹಿಸುವುದು ಕಷ್ಟವಲ್ಲ.

ಪೀಬಡಿ ಮನೆತನದ ಹಿರಿಯ ಮಗಳು ಎಲಿಜಬೆತಳ ವಿಷಯ ಒಂದೆರಡು ಮಾತು ಹೇಳಬೇಕು. ಈಕೆಯೇ ಮಾರ್ಗರೆಟಳಿಗಿಂತ ಮೊದಲು ಸ್ತ್ರೀಯರನ್ನು ಸೇರಿಸಿ ಇತಿಹಾಸಗ್ರಂಥಗಳನ್ನು ಓದಿಸಿ ವಿವರಿಸುವ ಕೂಟಗಳನ್ನು ನಡೆಸಿದವಳು. 1840ರಲ್ಲಿ ವೆಸ್ಟ್ ಸ್ಟ್ರೀಟ್ ಎಂಬ ಬೀದಿಯ 13ನೆಯ ನಂಬರಿನ ಮನೆಯಲ್ಲಿ ಪುಸ್ತಕದಂಗಡಿಯನ್ನು ತೆರೆದಳು. ಜರ್ಮನ್ ಮತ್ತು ಫ್ರೆಂಚು ಪುಸ್ತಕಗಳನ್ನು ತರಿಸಿ ಮಾರುವುದು, ಬಾಡಿಗೆಗೆ ಕೊಡುವುದು. ಮೇಲಿನ ಅಂತಸ್ತಿನಲ್ಲಿ ಸಂಸಾರ. ಮಾರ್ಗರೆಟಳ ಗೋಷ್ಠಿ ಮುಂದೆ ಈ ಮನೆಯಲ್ಲಿಯೇ ನಡೆಯಿತು. ಎಲಿಜಬೆತ್ ಒಂದು ಮೂಲೆಯಲ್ಲಿ ಕುಳಿತು ನಡೆದುದನ್ನು ಬರೆದುಕೊಳ್ಳುತ್ತಿದ್ದಳು. ಮೊದಲನೆಯ ವರ್ಷದ ಸಂಭಾಷಣೆಗಳ ಆಕೆಯ ವರದಿ 1994ರಲ್ಲಿ ವಿದ್ವತ್ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಗೋಷ್ಠಿಯ ಒಳಮಾತುಗಳು ನಮಗೆ ದೊರೆತಿರುವುದು ಬಹುಮಟ್ಟಿಗೆ ಈ ಸೋದರಿಯ ಲೇಖನಿಯ ಕೃಪೆಯಿಂದ. ಅಂಗಡಿಯಿಂದ ಆಕೆಗೆ ಲಾಭವೇನೂ ಆಗಲಿಲ್ಲ. ಮುಂದೆ 1860ರಲ್ಲಿ ಬಾಸ್ಟನ್ನಿನಲ್ಲಿ ಶಿಶುವಿಹಾರವನ್ನು ಸ್ಥಾಪಿಸಿ, ಆ ಪದ್ಧತಿಯನ್ನು ದೇಶದಲ್ಲೆಲ್ಲ ಹರಡಿದ ಕೀರ್ತಿಯೂ ಇವಳದೇ.

ಒಂದು ಸರಣಿಗೆ ಸಾಮಾನ್ಯವಾಗಿ 13 ಕೂಟಗಳು. ಪುರಾಣವಾದ ಮೇಲೆ ಲಲಿತಕಲೆಗಳು, ನೀತಿ, ವಿದ್ಯಾಭ್ಯಾಸ, ಸ್ತ್ರೀಯ ಮೇಲೆ ಕುಟುಂಬ, ಶಾಲೆ, ಮಠ, ಸಮಾಜ, ಸಾಹಿತ್ಯ ಇವುಗಳ ಪ್ರಭಾವ, ಹೀಗೆ ವಿಷಯಗಳು ಬೆಳೆದುವು. 1841ರ ಮಾರ್ಚಿಯಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. ಗಂಡಸರನ್ನೂ ಸೇರಿಸಿಕೊಂಡು, ರಿಪ್ಲಿ ದಂಪತಿಗಳ ಮನೆಯಲ್ಲಿ, ಸೋಮವಾರದ ಸಂಜೆ ಪುರಾಣವಿಷಯವನ್ನೇ ಮತ್ತೆ ತೆಗೆದುಕೊಂಡರು. ಎಮರ್ಸನ್, ಆಲ್ಕಾಟ್, ಹೆಜ್, ಕ್ಲಾರ್ಕ್ ಮೊದಲಾದ ಘನವಿದ್ವಾಂಸರೇ ಬಂದರು. ಅವರಲ್ಲಿ ಗ್ರೀಕ್ ಪುರಾಣವನ್ನು ಮಾರ್ಗರೆಟಳಷ್ಟು ಓದಿಕೊಂಡಿದ್ದವರು ವಿರಳ. ಆದರೆ ಮಾತನಾಡುವುದಕ್ಕೆ ಅದು ಅಡ್ಡಿಯಾಗಲಿಲ್ಲ. ಎಮರ್ಸನ್ ಒಂದು ಕಡೆಗೆ ಎಳೆದನು, ಆಲ್ಕಾಟ್ ಇನ್ನೊಂದು ಕಡೆಗೆ. ಹಿಂದೆ ಸರಾಗವಾಗಿ ಮಾತನಾಡುತ್ತಿದ್ದ ಸ್ತ್ರೀಯರು ಮೌನಧಾರಿಗಳಾದರು. ಆ ಸರಣಿ ಹಾಗೂ ಹೀಗೂ ಮುಗಿಯಿತು; ಮತ್ತೊಮ್ಮೆ ಗಂಡಸರನ್ನು ಕರೆಯಲಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲವೆಂದು ನಾನು ನಂಬುತ್ತೇನೆ. ಬಂದವರೆಲ್ಲ ಮಾರ್ಗರೆಟಳ ಸ್ನೇಹಿತರು, ಸ್ತ್ರೀವಿದ್ಯೆಯ ಪಕ್ಷಪಾತಿಗಳು. ಸದುದ್ದೇಶವುಳ್ಳ ವಿದ್ವಾಂಸರು ಕೋಣೆಯೊಳಗೆ ಬಂದುದರಿಂದಲೇ ಹೆಂಗಸರ ಬಾಯಿ ಕಟ್ಟಿತೆಂಬುದು ಆ ಪ್ರಯೋಗದಿಂದ ತಿಳಿದುಬಂದ ವಿಷಯ.

ಈಗ ಗೋಷ್ಠಿಯ ಮೇಲೆ ಹೊರಿಸಲಾದ ದೊಡ್ಡ ಆಕ್ಷೇಪಣೆಗೆ ಬರೋಣ. ದೇಶದ ದಕ್ಷಿಣಭಾಗದಲ್ಲಿ ಆಗ ಲಕ್ಷಾಂತರ ಜನ ಗುಲಾಮಗಿರಿಯಲ್ಲಿದ್ದರು. 1840ರ ಡಿಸೆಂಬರಿನಲ್ಲಿ ಗುಲಾಮಗಿರಿಯ ವಿರೋಧಿಗಳ ಮುಂದಾಳಾದ ಮರಿಯಾ ವೆಸ್ಟನ್ ಚಾಪ್‌ಮನ್ ಎಂಬ ಮಹಿಳೆಯು ಆ ವಿಷಯವನ್ನು ಗೋಷ್ಠಿಯಲ್ಲಿ ಎತ್ತಬೇಕೆಂದು ಮಾರ್ಗರೆಟಳನ್ನು ಕೇಳಿಕೊಂಡಳು. ಮಾರ್ಗರೆಟ್ ಒಪ್ಪಲಿಲ್ಲ. ನಿಮ್ಮ ಕಾರ್ಯದಲ್ಲಿ ಗೌರವವಿದೆ, ಆದರೆ ನನ್ನ ದಾರಿ ಬೇರೆ, ಎಂಬ ಧಾಟಿಯಲ್ಲಿ ಉತ್ತರ ಬರೆದಳು. ಇಂಗ್ಲೆಂಡಿನ ಪ್ರಸಿದ್ಧ ಲೇಖಕಿ ಹ್ಯಾರಿಯಟ್ ಮಾರ್ಟಿನೋ ಇದನ್ನು ಕ್ಷಮಿಸಲಿಲ್ಲ. 1877ರಲ್ಲಿ, ತಾನು ತೀರಿಕೊಂಡ ಮರುವರ್ಷ, ಪ್ರಕಟವಾದ ಆತ್ಮಚರಿತ್ರೆಯಲ್ಲಿ, ಈ ಹೆಂಗಸರು ಬೆಲೆಬಾಳುವ ಉಡುಪುಗಳನ್ನು ತೊಟ್ಟು ದೇವತೆಗಳ ವಿಷಯವನ್ನೂ ಪ್ಲೇಟೊ ಗಯಟೆಗಳ ವಿಷಯವನ್ನೂ ಹರಟುತ್ತಿದ್ದಾಗ ದೇಶದ ಸ್ವಾತಂತ್ರ್ಯವು ಕೈಬಿಟ್ಟುಹೋಗುತ್ತಿದ್ದಿತೆಂದು ಕಟುವಾಗಿ ಬರೆದಿದ್ದಾಳೆ.

ಈ ಮಾತನ್ನು ಅಸೂಯೆಯ ಮಾತೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮಾರ್ಗರೆಟಳ ಗೋಷ್ಠಿಗಿಂತ ಎಂಟು ವರ್ಷ ಮೊದಲು, 1831ರಲ್ಲಿ, ಅದೇ ಬಾಸ್ಟನ್ನಿನಲ್ಲಿ ಕಪ್ಪುಜನಾಂಗದ ಸ್ತ್ರೀಯರು ತಮ್ಮದೇ ಒಂದು ವಿದ್ಯಾಸಂಘವನ್ನು ಕಟ್ಟಿಕೊಂಡಿದ್ದರು. ಆಫ್ರಿಕ್-ಅಮೆರಿಕನ್ ಫೀಮೇಲ್ ಇಂಟೆಲಿಜೆನ್ಸ್ ಸೊಸೈಟಿಯೆಂದು ಅದರ ಹೆಸರು. ಸದಸ್ಯರು ಚಂದಾಹಣ ಕೂಡಿಸಿ ಜ್ಞಾನಾರ್ಜನೆಯ ಸಂಗಡ, ಕಾಯಿಲೆಬಿದ್ದ ಸದಸ್ಯೆಯರಿಗೆ ಸಹಾಯವನ್ನೂ ಮಾಡುತ್ತಿದ್ದರು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಪಾದ್ರಿಯೊಬ್ಬನ ಮನೆಯಲ್ಲಿ ಆಳಾಗಿ ಬೆಳೆದ ಮರಿಯಾ ಸ್ಟೀವರ್ಟ್ ಎಂಬಾಕೆ 1832ರಲ್ಲಿ ಆ ಸಂಘದಲ್ಲಿ ಭಾಷಣಮಾಡಿದಳು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಫ್ರಾಂಕ್ಲಿನ್ ಹಾಲ್ ಎಂಬಲ್ಲಿ ಗಂಡಸರೂ ಹೆಂಗಸರೂ ಕೂಡಿದ್ದ ಸಭೆಯ ಮುಂದೆ ನಿಂತು ಭಾಷಣಮಾಡಿದಳು. ಅದಕ್ಕೆ ಹಿಂದಿನ ವರ್ಷ ಅಚ್ಚಾದ ತನ್ನ ಬರಹದಲ್ಲಿಯೇ, ನಮ್ಮ ಹೆಣ್ಣುಮಕ್ಕಳ ಬುದ್ಧಿಯನ್ನು ಎಷ್ಟು ದಿನ ಪಾತ್ರೆಪರಡಿಗಳ ಕೆಳಗೆ ಹೂತಿಡುವಿರೆಂಬ ಅರ್ಥದ ಪ್ರಶ್ನೆಯನ್ನು ಕೇಳಿದ್ದಳು. ಮಾರ್ಗರೆಟ್ ತನ್ನ ಪತ್ರದಲ್ಲಿ ಕೇಳಿದ ಪ್ರಶ್ನೆಯೂ ಬಹುಮಟ್ಟಿಗೆ ಇದೇ. ಒಂದೇ ಊರು, ಒಂದೇ ದಶಕ. ಆದರೆ ಈ ಎರಡು ಕೂಟಗಳು ಎಂದೂ ಒಂದೇ ಸೂರಿನ ಕೆಳಗೆ ಕುಳಿತುವೆಂದು ಹೇಳುವ ದಾಖಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಪೀಬಡಿಯವರ ಕೊಠಡಿಗೆ ಬರಲು ಬೇಕಾಗಿದ್ದುದು ಚೀಟಿಯ ಹಣವೊಂದೇ ಅಲ್ಲ. ಬುಧವಾರ ಬೆಳಗ್ಗೆ 11 ಗಂಟೆಗೆ ಬಿಡುವಿರಬೇಕಾಗಿದ್ದಿತು. ಬೇರೆಯವರ ಮನೆಯ ಪಾತ್ರೆ ತೊಳೆಯುವವಳಿಗೆ ಆ ಬಿಡುವೆಲ್ಲಿಯದು?

ಹಾಗೆಂದು ಮಾರ್ಟಿನೋ ಹೇಳಿದುದೆಲ್ಲ ಸರಿಯೆಂದೂ ಅಲ್ಲ. ಗೋಷ್ಠಿಗೆ ಬಂದವರ ಪಟ್ಟಿ ದೊರೆತಿದೆ. ಅದನ್ನು ಒಮ್ಮೆ ನೋಡಬೇಕು. ಅದರಲ್ಲಿ ಲಿಡಿಯಾ ಮರಿಯಾ ಚೈಲ್ಡ್ ಇದ್ದಾಳೆ. 1833ರಲ್ಲಿಯೇ ಗುಲಾಮಗಿರಿಯ ವಿರುದ್ಧ ಗ್ರಂಥ ಬರೆದು, ಅದರಿಂದ ತನ್ನ ಓದುಗರನ್ನೂ ಸಂಪಾದನೆಯನ್ನೂ ಕಳೆದುಕೊಂಡವಳು. ಅದೇ ಚಳವಳಿಯ ಮಹಾವಾಗ್ಮಿ ವೆಂಡೆಲ್ ಫಿಲಿಪ್ಸನ ಪತ್ನಿಯುಂಟು. ಸ್ವಾತಂತ್ರ್ಯಕ್ಕಾಗಿ ಕವಿತೆ ಬರೆದ ಮರಿಯಾ ವೈಟ್ ಉಂಟು. ಫ್ರಾಂಕ್ ಷಾ ಎಂಬವನ ಪತ್ನಿ ಸಾರಾ ಎಂಬಾಕೆಯ ಹೆಸರೂ ಉಂಟು. ಆಕೆಯ ಮಗ ರಾಬರ್ಟನು ಮುಂದೆ ಅಂತರ್ಯುದ್ಧದಲ್ಲಿ ಕಪ್ಪುಸೈನಿಕರ 54ನೆಯ ಮ್ಯಾಸಚೂಸೆಟ್ಸ್ ಪಡೆಯ ನಾಯಕನಾಗಿ, 1863ನೆಯ ಜುಲೈ 18ರಂದು ವ್ಯಾಗ್ನರ್ ಕೋಟೆಯ ಮುಂದೆ ಮಡಿದನು. ಗ್ರೀಕ್ ದೇವತೆಗಳ ಚರ್ಚೆಯೇ ಇದಕ್ಕೆಲ್ಲ ಕಾರಣವೆಂದು ನಾನು ಹೇಳುವುದಿಲ್ಲ. ಅಂತಹ ಕಾರ್ಯಕಾರಣಸಂಬಂಧವನ್ನು ಕಲ್ಪಿಸುವುದು ಇತಿಹಾಸಲೇಖಕನಿಗೆ ತರವಲ್ಲ. ಆದರೆ ಆ ಕೊಠಡಿಯಲ್ಲಿ ಕುಳಿತವರು ಕೇವಲ ಉಡುಪಿನ ಗೊಂಬೆಗಳಲ್ಲವೆಂಬುದಂತೂ ನಿಶ್ಚಯ.

ಬಂದವರಲ್ಲಿ ಚಿಕ್ಕವಳಾದ ಎಡ್ನಾ ಲಿಟಲ್‌ಹೇಲ್ ಎಂಬ ಹುಡುಗಿಯ ಸಾಕ್ಷ್ಯವೊಂದಿದೆ. 1824ರಲ್ಲಿ ಹುಟ್ಟಿದ ಈಕೆ ಆಗಿನ್ನೂ ಇಪ್ಪತ್ತು ಮುಟ್ಟದವಳು. ಒಂದು ದಿನ ಇಬ್ಬರೇ ಇದ್ದಾಗ ಮಾರ್ಗರೆಟ್ ಆಕೆಯ ಕಡೆ ತಿರುಗಿ, ಬಾಳು ನಿನಗೆ ತುಂಬಿದಂತೆ ತೋರುತ್ತದೆಯೇ, ಎಂದು ಕೇಳಿದಳಂತೆ. ನಿಮ್ಮನ್ನು ಬಲ್ಲಂದಿನಿಂದ ಹಾಗೆಯೇ ಆಗಿದೆ, ಎಂದು ಹುಡುಗಿ ಹೇಳಿದಳು. ಮುದುಕಿಯಾಗಿ ತನ್ನ ನೆನಪುಗಳನ್ನು ಬರೆದಾಗಲೂ ಆಕೆ ಆ ಮಾತನ್ನು ಮರೆತಿರಲಿಲ್ಲ. ಈ ನಡುವೆ ಮದುವೆಯಾಗಿ, ಬೇಗನೆ ವಿಧವೆಯಾಗಿ, ಹೆಂಗಸರೇ ವೈದ್ಯರಾಗಿ ನಡೆಸುವ ಆಸ್ಪತ್ರೆಯೊಂದನ್ನು 1862ರಲ್ಲಿ ಬಾಸ್ಟನ್ನಿನಲ್ಲಿ ಕಟ್ಟುವುದಕ್ಕೆ ನೆರವಾಗಿ ಬಹುಕಾಲ ಅದರ ಆಡಳಿತವನ್ನು ವಹಿಸಿದ್ದಳು.

ಗೋಷ್ಠಿಗಳು 1844ರ ಏಪ್ರಿಲ್ ತಿಂಗಳಲ್ಲಿ ಮುಗಿದುವು. ಈ ಮಧ್ಯೆ ಮಾರ್ಗರೆಟ್ ಎರಡು ವರ್ಷ ‘ಡಯಲ್’ ಎಂಬ ತ್ರೈಮಾಸಿಕದ ಸಂಪಾದಕಿಯಾಗಿದ್ದಳು. ವರ್ಷಕ್ಕೆ 200 ಡಾಲರು ಸಂಬಳವೆಂದು ಮಾತಾಗಿದ್ದಿತು. ಅದು ಕೈಗೆ ಬರಲೇ ಇಲ್ಲ. (ಸಾಹಿತ್ಯಪತ್ರಿಕೆಗಳ ಭಂಡಾರವು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿರುವಂತೆ ತೋರುತ್ತದೆ.) ಆ ಪತ್ರಿಕೆಯಲ್ಲಿ ಎಮರ್ಸನ್ನನು ಸಂಪಾದಕನಾದ ಮೇಲೆ, 1842ರ ಜುಲೈ ಸಂಚಿಕೆಯಲ್ಲಿ, ನಮ್ಮ ಹಿತೋಪದೇಶದ ಕೆಲವು ಭಾಗಗಳು ಇಂಗ್ಲಿಷಿನಲ್ಲಿ ಪ್ರಕಟವಾದುವು. ಅದೇ ಪತ್ರಿಕೆಯಲ್ಲಿ 1843ರಲ್ಲಿ ಬರೆದ ದೀರ್ಘಲೇಖನವನ್ನು ವಿಸ್ತರಿಸಿ ಮಾರ್ಗರೆಟ್ 1845ರಲ್ಲಿ ‘ಹತ್ತೊಂಬತ್ತನೆಯ ಶತಮಾನದಲ್ಲಿ ಸ್ತ್ರೀ’ ಎಂಬ ಪುಸ್ತಕವನ್ನು ಹೊರತಂದಳು. ಐದು ಚಳಿಗಾಲಗಳ ಸಂಭಾಷಣೆಗಳಲ್ಲಿ ಕಡೆದುದೆಲ್ಲ ಅದರಲ್ಲಿ ಬೆಣ್ಣೆಯಾಗಿ ಬಂದಿದೆ. ಬೇರೆಬೇರೆ ಜನಾಂಗಗಳು ಸ್ತ್ರೀಯ ಆದರ್ಶವನ್ನು ಹೇಗೆ ಕಂಡರೆಂದು ಹೇಳುವಾಗ ಆಕೆ ಈಜಿಪ್ಟಿನ ಐಸಿಸ್ ದೇವಿಯ ಜೊತೆಗೆ ನಮ್ಮ ರಾಮಾಯಣದ ಸೀತೆಯನ್ನೂ ಸ್ಮರಿಸಿದ್ದಾಳೆ. ಐಸಿಸ್‌ಗೆ ಜ್ಞಾನವನ್ನು, ಸೀತೆಗೆ ಕೋಮಲವಾದ ಪಾವಿತ್ರ್ಯವನ್ನು ಕೊಟ್ಟಿದ್ದಾಳೆ. ಭೂಮಿ ಬಿರಿಯುವಂತೆ ಸತ್ಯಮಾಡಿ ನಿಂತ ಸೀತೆಯ ಕಥೆ ಆಕೆಗೆ ಪೂರ್ತಿಯಾಗಿ ದೊರೆತಿದ್ದರೆ, ಬುಧವಾರದ ಒಂದು ಬೆಳಗ್ಗೆ ಚೆನ್ನಾಗಿ ಚರ್ಚೆಯಾಗುತ್ತಿದ್ದಿತೆಂದು ಎನಿಸದಿರದು.

ಆಮೇಲಿನ ಬಾಳು ಬೇರೊಂದು ಲೇಖನಕ್ಕೆ ವಸ್ತುವಾದೀತು. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ವಿಮರ್ಶಕಿಯಾಗಿ ಸೇರಿ, ಸೆರೆಮನೆಗಳನ್ನೂ ಹುಚ್ಚರ ಆಸ್ಪತ್ರೆಗಳನ್ನೂ ಕಣ್ಣಾರೆ ಕಂಡು ಬರೆದಳು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸನ ಆತ್ಮಕಥೆ 1845ರಲ್ಲಿ ಹೊರಬಂದಾಗ ಅದನ್ನು ಮುಕ್ತಕಂಠದಿಂದ ಹೊಗಳಿದಳು. ಚಾಪ್‌ಮನ್ನಳಿಗೆ ಬೇರೆಯೆಂದು ಹೇಳಿದ ದಾರಿ ಅಷ್ಟು ಹೊತ್ತಿಗೆ ತಿರುಗಿಕೊಂಡು ಆ ದಾರಿಗೇ ಬಂದು ಸೇರಿದ್ದಿತು. 1846ರಲ್ಲಿ ಯುರೋಪಿಗೆ ಹೋಗಿ ಇಟಲಿಯಲ್ಲಿ ನೆಲೆಸಿ, ಓಸೊಲಿ ಎಂಬ ಇಟಾಲಿಯನ್ನನ ಕೈಹಿಡಿದಳು. 1849ರಲ್ಲಿ ರೋಮಿನ ಪ್ರಜಾರಾಜ್ಯವನ್ನು ಫ್ರೆಂಚರು ಮುತ್ತಿದಾಗ ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಗಾಯಾಳುಗಳ ಮೇಲ್ವಿಚಾರಣೆಯನ್ನು ವಹಿಸಿಕೊಂಡಳು. ಮರುವರ್ಷ ಪತಿಯೊಡನೆ, ಎರಡು ವರ್ಷ ತುಂಬದ ಮಗುವಿನೊಡನೆ, ಸ್ವದೇಶಕ್ಕೆ ಹೊರಟಳು. ದಾರಿಯಲ್ಲಿ ಹಡಗಿನ ಕಪ್ತಾನನು ಸಿಡುಬಿನಿಂದ ಸತ್ತನು. 1850ನೆಯ ಜುಲೈ 19ರಂದು, ನ್ಯೂಯಾರ್ಕಿನ ಬಳಿ, ದಡವು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಹಡಗು ಮರಳದಿಬ್ಬಕ್ಕೆ ತಗುಲಿ ಒಡೆಯಿತು. ಮೂವರೂ ಸಮುದ್ರದ ಪಾಲಾದರು. ಮಗುವಿನ ದೇಹ ಮಾತ್ರ ದಡಕ್ಕೆ ಬಂದಿತು. ರೋಮಿನ ಕ್ರಾಂತಿಯನ್ನು ಕುರಿತು ಆಕೆ ಬರೆದಿದ್ದ ಗ್ರಂಥದ ಹಸ್ತಪ್ರತಿಯನ್ನು ಹುಡುಕಲು ಎಮರ್ಸನ್ ತನ್ನ ಸ್ನೇಹಿತ ಥೋರೋವನ್ನು ಕಳುಹಿಸಿದನು, ಅದು ಸಿಕ್ಕಲಿಲ್ಲ.

ಎಮರ್ಸನ್ ಮತ್ತಿಬ್ಬರು ಸ್ನೇಹಿತರೊಡನೆ ಸೇರಿ 1852ರಲ್ಲಿ ಆಕೆಯ ಸ್ಮರಣಗ್ರಂಥವನ್ನು ಹೊರತಂದನು. ಪ್ರೀತಿಯಿಂದ ಮಾಡಿದ ಕೆಲಸವೇ. ಆದರೆ ಆಕೆಯ ಪತ್ರಗಳನ್ನು ಕತ್ತರಿಸಿ, ಶಾಯಿಯಿಂದ ಹೊಡೆದು, ಮಾತುಗಳನ್ನು ತಿದ್ದಿ ಅಚ್ಚುಮಾಡಿದರು. 1841ರ ಆ ಸಂಜೆಗಳ ಕಥೆಯೇ ಇಲ್ಲಿಯೂ ನಡೆಯಿತೆಂದರೆ ಕಠಿಣವಾದೀತೇನೋ. ಮಾರ್ಟಿನೋಳ ಆಕ್ಷೇಪಣೆಗೂ ಒಂದು ವಿನೋದದ ಮುಕ್ತಾಯ ದೊರೆಯಿತು. ಎಲಿಜಬೆತ್ ಸ್ಟಾಂಟನ್ ಮೊದಲಾದವರು ಬರೆದ ಸ್ತ್ರೀಮತದಾನದ ಇತಿಹಾಸದ ಮೊದಲ ಸಂಪುಟ 1881ರಲ್ಲಿ ಪ್ರಕಟವಾದಾಗ, ಅದರ ಅರ್ಪಣಪತ್ರದಲ್ಲಿ ಹ್ಯಾರಿಯಟ್ ಮಾರ್ಟಿನೋಳ ಹೆಸರೂ ಮಾರ್ಗರೆಟ್ ಫುಲ್ಲರಳ ಹೆಸರೂ ಒಂದೇ ಸಾಲಿನವರಂತೆ ಅಚ್ಚಾದುವು. ನಡುವೆ ಲಿಡಿಯಾ ಚೈಲ್ಡಳ ಹೆಸರು.

ಇನ್ನೊಬ್ಬಳ ಮಾತು ಉಳಿದಿದೆ. ಗಂಡಸರು ಬಂದು ಕೆಡಿಸಿದ ಆ ಹತ್ತು ಸಂಜೆಗಳಲ್ಲಿ ಕೆರೊಲಿನ್ ಹೀಲಿ ಎಂಬ 18 ವರ್ಷದ ಹುಡುಗಿ ಒಂದು ಕಡೆ ಕುಳಿತಿದ್ದಳು. ಯಾರು ಏನೆಂದರು, ಯಾರ ಮಾತನ್ನು ಯಾರು ತಡೆದರು, ಮಾರ್ಗರೆಟ್ ಎಲ್ಲಿ ಬೇಸರಪಟ್ಟಳು, ಎಲ್ಲವನ್ನೂ ಆಕೆ ಬರೆದಿಟ್ಟುಕೊಂಡಳು. ಮದುವೆಯಾಯಿತು, ಮಕ್ಕಳಾದರು, ಪತಿಯು ಮತಪ್ರಚಾರಕ್ಕೆಂದು ಕಲ್ಕತ್ತೆಗೆ ಹೊರಟುಹೋಗಿ ಅಲ್ಲಿಯೇ ಬಹುಕಾಲ ಬಾಳಿ ಮಡಿದನು. ಆ ಬರಹವನ್ನು ಕೆರೊಲಿನ್ ಇಟ್ಟುಕೊಂಡೇ ಇದ್ದಳು. 1895ರಲ್ಲಿ, ತನ್ನ 73ನೆಯ ವಯಸ್ಸಿನಲ್ಲಿ, ಅದನ್ನು ಪುಸ್ತಕವಾಗಿ ಅಚ್ಚುಹಾಕಿಸಿದಳು. ಎಮರ್ಸನ್, ಆಲ್ಕಾಟ್, ರಿಪ್ಲಿ, ಆ ಸಂಜೆ ಜೋರಾಗಿ ಮಾತನಾಡಿದವರಲ್ಲಿ ಹೆಚ್ಚಿನವರು ಅಷ್ಟರಲ್ಲಿ ತೀರಿಕೊಂಡಿದ್ದರು. ಪುಸ್ತಕಕ್ಕೆ ಆಕೆ ಇಟ್ಟ ಹೆಸರು ‘ಮಾರ್ಗರೆಟಳೂ ಅವಳ ಸ್ನೇಹಿತರೂ’.